ಒಡೆಯದ ಗಾಜಿನ ಉಂಗುರ

ಬೆಣ್ಣೆ ಕಡೆಯುವ ಪೀಪಾಯಿಯ ಹಿಡಿ ತಿರುಗಿಸುತ್ತ ಎನಿಡ್ ಬೆಳಗಿನಿಂದ ನಾಲ್ಕನೆಯ ಸಲ ಉಂಗುರದ ಕಡೆ ನೋಡಿದಳು. ಹಾಲಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಆದರೂ ಜೂನ್ ತಿಂಗಳಲ್ಲಿ ಏಳು ಗಂಟೆಯ ಹೊತ್ತಿಗೆ ಬೆರಳಗಲದ ಬಿಸಿಲೊಂದು ಓರೆಯಾಗಿ ಒಳಗೆ ಬಂದು, ಉಂಗುರವನ್ನು ಹೊಕ್ಕು ಹೊರಬಿದ್ದು, ಸುಣ್ಣದ ಗೋಡೆಯ ಮೇಲೆ ಬಟಾಣಿಯಷ್ಟು ಬೆಳಕು ಇಡುತ್ತಿತ್ತು. ಕೈ ಮೇಲೆ ಹೋದರೆ ಬಟಾಣಿ ಮೇಲೆ, ಕೆಳಗೆ ಬಂದರೆ ಕೆಳಗೆ. ಇಪ್ಪತ್ತು ವರ್ಷದಲ್ಲಿ ತನ್ನ ಕೈಯನ್ನು ತಾನು ಇಷ್ಟು ಹೊತ್ತು ನೋಡಿದ್ದೇ ಇಲ್ಲ ಎನಿಸಿತು. ಇದು ಸುಖವೇ ಇರಬೇಕು. ಇದಕ್ಕೆ ಬೇರೆ ಹೆಸರು ಅವಳಿಗೆ ತಿಳಿಯದು. ಸಂಜೆ ಸಿರಿಲ್ ಸೈಕಲ್ ತುಳಿದುಕೊಂಡು ಬರುತ್ತಾನೆ. ನಾಳೆ ಭಾನುವಾರ, ಚರ್ಚಿನಲ್ಲಿ ಪಾದ್ರಿ ಅವರಿಬ್ಬರ ಹೆಸರನ್ನೂ ಗಟ್ಟಿಯಾಗಿ ಓದಿ, ಈ ಮದುವೆ ಆಗಕೂಡದೆನ್ನಲು ಯಾರ ಬಳಿಯಾದರೂ ಕಾರಣವಿದ್ದರೆ ಹೇಳಲಿ ಎಂದು ಕೇಳುತ್ತಾರೆ. ಮೂರು ಭಾನುವಾರ ಹೀಗೆ ಕೇಳುವುದು ಪದ್ಧತಿ. ಯಾರಾದರೂ ಎದ್ದು ನಿಂತದ್ದನ್ನು ಊರು ಇದುವರೆಗೂ ಕಂಡಿಲ್ಲ. ಆದರೆ ವಾರದಿಂದ ಎನಿಡ್‌ಗೆ ಆ ಗಳಿಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು: ಪಾದ್ರಿ ತಲೆಯೆತ್ತಿ ಕಾಯುತ್ತಾರೆ, ಹಿಂದಿನ ಬೆಂಚುಗಳಲ್ಲಿ ಏಳು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಅವರ ಬೂಟುಗಳ ಸದ್ದು ಮಾತ್ರ ಕೇಳಿಸುತ್ತದೆ.

"ಕೈ ನಿಂತೇಹೋಯ್ತಲ್ಲೇ," ಎನ್ನುತ್ತ ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಬೆಣ್ಣೆ ಉಂಗುರ ನೋಡ್ಕೊಂಡು ಕೂತ್ರೆ ಬರಲ್ಲ ಮರಿ. ಕೇಳಿಲ್ಲಿ, ಪಾದ್ರಿಗಳು ಹೇಳಿ ಕಳಿಸಿದಾರೆ. ಕಾರ್ನ್‌ವಾಲಿಂದ ಒಬ್ಬಾಕೆ ಬಂದಿದಾರಂತೆ. ನಮ್ಮ ಹೊಲದಲ್ಲಿ ಬಿದ್ದ ವಿಮಾನ ಇತ್ತಲ್ಲ, ಅದರ ಬಾಲದಲ್ಲಿ ಗನ್ ಹಿಡಿದು ಕೂರ್ತಿದ್ನಲ್ಲ ಆ ಹುಡುಗ, ಅವನ ತಾಯಿ. ನಿನ್ನೆ ಸಮಾಧಿ ನೋಡಿದ್ರಂತೆ. ಇವತ್ತು ಜಾಗ ನೋಡ್ಬೇಕಂತೆ. ಹನ್ನೊಂದರ ಬಸ್ಸಿಗೆ ಬರ್ತಾರೆ. ನೀನೇ ಕರ್ಕೊಂಡು ಹೋಗು."

"ನಾನಾ?"

"ಇನ್ನ್ಯಾರು, ನಮ್ಮ ಹಂದೀನ ಕಳಿಸ್ಲಾ? ನಂದು ಬ್ರೆಡ್ ಒಲೇಲಿದೆ. ನಿಮ್ಮಪ್ಪ ಹೋದ್ರೆ ನೀರುಗಾಲುವೆ ವಿಷಯ ಮಾತಾಡ್ತಾನೆ. ನೀನು ಮಾತೇ ಆಡಲ್ಲ, ಅದೇ ಒಳ್ಳೇದು."

ಅಮ್ಮ ಹೋದ ಮೇಲೆ ಎನಿಡ್ ಉಂಗುರವನ್ನು ತೆಗೆಯಲು ನೋಡಿದಳು. ಅದು ಬರಲಿಲ್ಲ. ವಾರವಿಡೀ ಗುದ್ದಲಿ ಹಿಡಿದು ಬೆರಳ ಗೆಣ್ಣು ಊದಿತ್ತು. ಪಂಪಿನ ಹತ್ತಿರ ಹೋಗಿ ಸೋಪು ಸವರಿದಳು, ತಿರುವಿದಳು, ಹಲ್ಲಲ್ಲಿ ಕಚ್ಚಿ ಎಳೆದಳು. ಕುದುರೆಗೆ ನೀರು ಕುಡಿಸಲು ಬಂದ ಮುದುಕ ಎಜ್ರಾ ಸ್ವಲ್ಪ ಹೊತ್ತು ನೋಡುತ್ತ ನಿಂತು, "ಏನಮ್ಮಾ ರಾಣಿ, ಮದುವೆಗೆ ಮೊದಲೇ ಮನಸ್ಸು ಬದಲಾಯ್ತಾ? ನನ್ನವಳೂ ನಲವತ್ತು ವರ್ಷ ಎಳೆದು ನೋಡಿದಳು, ಬರಲಿಲ್ಲ," ಎಂದು ತನ್ನ ಮಾತಿಗೆ ತಾನೇ ನಕ್ಕು ಹೋದ. ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಎಳೆದಷ್ಟೂ ಸಿಕ್ಕಿಕೊಳ್ಳುವುದು ಅವಳಿಗೆ ಹೊಸದಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಶಾಲೆಗೆ ತನಿಖೆಯ ಸಾಹೇಬರು ಬಂದ ದಿನ ಎದ್ದು ನಿಂತು ಓದುವಾಗ ಒಂದು ಮಾತು ಹೀಗೆಯೇ ಗಂಟಲಲ್ಲಿ ನಿಂತಿತ್ತು. ಸಾಹೇಬರು ಗಡಿಯಾರ ನೋಡಿದರು. ಮೇಡಂ ಕಣ್ಣಲ್ಲೇ ತಿವಿದರು. ಹುಡುಗರು ನಗುವುದಕ್ಕೆ ಮೊದಲಿನ ಆ ನಿಶ್ಶಬ್ದವಿತ್ತಲ್ಲ, ಅದನ್ನು ಅವಳು ಇನ್ನೂ ಮರೆತಿಲ್ಲ. ವರ್ಷ ಕಳೆಯುವುದರೊಳಗೆ ಶಾಲೆ ಬಿಟ್ಟಳು. ಹಸುಗಳ ಮುಂದೆ ಓದಿ ತೋರಿಸಬೇಕಾಗಿರಲಿಲ್ಲ.

ಉಂಗುರದಲ್ಲಿ ತಪ್ಪಿರಲಿಲ್ಲ, ತಪ್ಪೆಲ್ಲ ಒಂದು ಮಾತಿನಲ್ಲಿತ್ತು. ಫೆಬ್ರವರಿಯ ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕೊಟ್ಟಿಗೆಯಿಂದ ಮನೆ ಕಾಣುತ್ತಿರಲಿಲ್ಲ. ಬಾಂಬು ಹಾಕಿ ಹಿಂತಿರುಗುವ ವಿಮಾನಗಳು ಇಳಿಯಲು ಜಾಗ ಹುಡುಕುತ್ತ ತಲೆಯ ಮೇಲೆ ಸುತ್ತುತ್ತಿದ್ದವು. ಅವಳು ಕೆಂದಹಸುವಿನ ಹಾಲು ಕರೆಯುತ್ತಿದ್ದಳು. ಸದ್ದು ಕಿವಿಗೆ ಬೀಳುವ ಮೊದಲೇ ಬಕೆಟ್ಟಿನ ಹಾಲು ನಡುಗಿ ಸುತ್ತುಸುತ್ತಾಗಿ ಅಲೆ ಎದ್ದಿತು. ಅಪ್ಪ, ಎಜ್ರಾ ಓಡಿದರು. ಅವಳು ಓಡಲಿಲ್ಲ, ಅರ್ಧ ಕರೆದ ಕೆಚ್ಚಲು ಬಿಟ್ಟರೆ ಗಟ್ಟಿಯಾಗುತ್ತದೆಂದು ಉಳಿದ ಹಾಲನ್ನೂ ಪೂರ್ತಿ ಕರೆದು ಎದ್ದಳು. ಹೋಗಿದ್ದರೂ ಮಾಡುವುದಕ್ಕೆ ಏನೂ ಇರಲಿಲ್ಲವೆಂದು ಅಪ್ಪ ಆಮೇಲೆ ಹೇಳಿದ. ವಿಮಾನಗಳು ಇಳಿಯುವ ಓಟದ ದಾರಿಗೆ ಇನ್ನು ಮೂರೇ ಬೇಲಿ ದಾಟುವುದಿತ್ತು. ಒಳಗಿದ್ದ ಏಳು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಮಾರನೆಯ ದಿನ ಮುರಿದ ವಿಮಾನಗಳನ್ನು ಹೆಕ್ಕಿ ಒಯ್ಯುವ ಗುಂಪು ಉದ್ದನೆಯ ಲಾರಿಯೊಂದಿಗೆ ಬಂತು. ಅದರಲ್ಲೊಬ್ಬ, ಸಿರಿಲ್, ಚಹಾಕ್ಕೆ ಬಿಸಿನೀರು ಕೇಳಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ಆಡಿದ ಮಾತಿಗೆ ಉತ್ತರ ಬರಲೆಂದು ಕಾಯುವವನಲ್ಲ ಅವನು. ಕಾಯುತ್ತಿರಲಿಲ್ಲವಾದ್ದರಿಂದಲೇ ಏನೋ, ಮೂರನೆಯ ದಿನ ಅವಳಿಗೇ ತಿಳಿಯದಂತೆ ಉತ್ತರ ಬಂದುಬಿಟ್ಟಿತು. ಒಂಬತ್ತು ದಿನ ಅವರು ಹೊಲದಲ್ಲಿದ್ದರು. ಹೊಲ ಖಾಲಿಯಾದ ಮೇಲೂ ಸಿರಿಲ್ ಪ್ರತಿ ಶನಿವಾರ ಹದಿನಾಲ್ಕು ಮೈಲಿ ಸೈಕಲ್ ತುಳಿದ.

ಅವನ ಗುಂಪಿನ ಹುಡುಗರೆಲ್ಲ ವಿಮಾನದ ಕಿಟಕಿಗೆ ಹಾಕುವ, ಪ್ಲಾಸ್ಟಿಕ್ಕಿನಂಥ ಆ ಒಡೆಯದ ಗಾಜಿನಲ್ಲಿ ಏನಾದರೊಂದು ಮಾಡುತ್ತಿದ್ದರು. ತಂಗಿಗೆ ಶಿಲುಬೆ, ಗೆಳತಿಗೆ ಉಂಗುರ. ಕಾದ ಸಲಾಕಿಯಲ್ಲಿ ತೂತು ಮಾಡಿ, ಅರದಲ್ಲಿ ಉಜ್ಜಿ, ಹಲ್ಲುಪುಡಿ ಹಾಕಿ ಹಳೆಯ ಕಾಲುಚೀಲದಲ್ಲಿ ತಿಕ್ಕಿದರೆ ನೀರಿನ ಹಾಗೆ ತಿಳಿಯಾಗುತ್ತದೆ. ಆದರೆ ಅವರಲ್ಲೊಂದು ನೇಮವಿತ್ತು. ಎಲ್ಲರೂ ತಮ್ಮ ಕಾಲ ಮೇಲೆ ನಡೆದು ಹೊರಬಂದ ವಿಮಾನದ ಗಾಜನ್ನು ಮಾತ್ರ ಮುಟ್ಟಬೇಕು. ಉಳಿದದ್ದನ್ನು ಲಾರಿಗೆ ಹಾಕಬೇಕು, ಜೇಬಿಗಲ್ಲ. "ಒಳ್ಳೇ ಗಾಜು ಸಿಕ್ಕಲಿ, ಆಮೇಲೆ ನಿನ್ನನ್ನ ಒಂದು ಮಾತು ಕೇಳ್ತೀನಿ," ಎಂದಿದ್ದ ಸಿರಿಲ್. ಏಪ್ರಿಲ್‌ನಲ್ಲಿ ಚಾಪೆಲ್ ಹುಲ್ಲುಗಾವಲಿನಲ್ಲಿ ಒಂದು ವಿಮಾನ ಹೊಟ್ಟೆಯ ಮೇಲೆ ಜಾರಿ ನಿಂತಿತು. ಏಳೂ ಜನ ಹೊರಬಂದು ಹುಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದರು. ಅದನ್ನು ಹೆಕ್ಕುವ ಕೆಲಸ ಬೇರೆ ಗುಂಪಿಗೆ ಹೋಯಿತು. ಅದೇ ವಾರ ಸಿರಿಲ್‌ನನ್ನು ಹಡಗು ಹತ್ತಿಸಿ ದೂರದೇಶದ ಯುದ್ಧಕ್ಕೆ ಕಳಿಸುತ್ತಾರೆಂದು ಸುದ್ದಿ. ಅದೇ ವಾರ ಎನಿಡ್ ಹೊಲದಲ್ಲಿ ಕಲ್ಲು ಆಯುತ್ತಿದ್ದಾಗ ಅಂಗೈಯಷ್ಟು ಗಾಜು ಸಿಕ್ಕಿತು, ಮಣ್ಣು ಮೆತ್ತಿದ್ದು, ಅಂಚಿನಲ್ಲಿ ಸ್ವಲ್ಪ ಹೊಗೆ ಹಿಡಿದದ್ದು. ಪಂಪಿನ ಕೆಳಗೆ ತೊಳೆದಳು. ಶನಿವಾರ ಅವನ ಕೈಗಿಟ್ಟು, "ಚಾಪೆಲ್ ಹುಲ್ಲುಗಾವಲಲ್ಲಿ ಬಿದ್ದಿತ್ತು, ನಿನಗೇಂತ ತಂದೆ," ಎಂದಳು. ಎಲ್ಲೂ ತಡವರಿಸದೆ ಮಾತು ಪೂರ್ತಿಯಾಗಿ ಬಂತು. ಹುಟ್ಟಿದಂದಿನಿಂದ ಅಷ್ಟು ನಯವಾಗಿ ಅವಳ ಬಾಯಿಂದ ಬಂದ ಮಾತು ಅದೊಂದೇ, ಅದು ಸುಳ್ಳು. ಹಡಗಿನ ಸುದ್ದಿಯೂ ಸುಳ್ಳಾಯಿತು. ಉಂಗುರ ಮಾತ್ರ ಬೆರಳಲ್ಲಿ ಉಳಿಯಿತು.

ಹನ್ನೊಂದಕ್ಕೆ ಅವಳು ಬೇಲಿ ಕಡಿಯುವಾಗ ಹಾಕುವ ದಪ್ಪ ತೊಗಲಿನ ಕೈಗವಸು ತೊಟ್ಟು ಬಸ್ಸಿಗೆ ಕಾದಳು. ಕಪ್ಪು ಬಟ್ಟೆಯ, ಕರವಸ್ತ್ರ ಹಿಡಿದ ಸಣ್ಣ ಹೆಂಗಸೊಬ್ಬಳು ಇಳಿಯುತ್ತಾಳೆಂದು ಎಣಿಸಿದ್ದಳು. ಇಳಿದವಳು ಅಗಲ ಹೆಗಲಿನವಳು, ಬಿಸಿಲಿಗೆ ಕಂದಿದ ಮುಖ, ಕಾಲಲ್ಲಿ ಗಂಡಸರ ಬೂಟು.

"ನೀನೇನಾ ಕರ್ಕೊಂಡು ಹೋಗೋ ಹುಡುಗಿ? ನಾನು ಮಿಸೆಸ್ ಪಾಸ್ಕೋ, ಡೆನ್ಜಿಲ್ ತಾಯಿ. ಅದೇನಮ್ಮ ಜೂನ್ ತಿಂಗಳಲ್ಲಿ ಕೈಗವಸು?"

ಎನಿಡ್ ಕೈಗಳನ್ನು ನೋಡಿಕೊಂಡಳು. ಆಕೆ ಉತ್ತರಕ್ಕೆ ಕಾಯದೆ ನಡೆಯತೊಡಗಿದರು. ದಾರಿಯುದ್ದಕ್ಕೂ ಆಕೆಯೇ ಮಾತಾಡಿದರು. ಕಡಲ ದಂಡೆಯ ಇಳಿಜಾರಿನಲ್ಲಿ ತಾನು ಹೂ ಬೆಳೆಯುತ್ತಿದ್ದದ್ದು, ಯುದ್ಧ ಬಂದ ಮೇಲೆ ಹೂವಿನ ಗೆಡ್ಡೆ ಕಿತ್ತು ಆಲೂಗಡ್ಡೆ ಹಾಕೆಂದು ಸರಕಾರ ಹೇಳಿದ್ದು, ಇಲ್ಲಿನ ಬಯಲು ನೋಡಿದರೆ ಒರಗಿ ನಿಲ್ಲಲು ಒಂದು ಗೋಡೆಯೂ ಇಲ್ಲವೆನಿಸುವುದು. ಎನಿಡ್‌ಗೆ ಆಕೆ ಹಿಡಿಸತೊಡಗಿದರು, ಅದಕ್ಕೇ ಇನ್ನಷ್ಟು ಭಯವಾಯಿತು. ಅಳುವವಳಾಗಿದ್ದರೆ ಆಕೆಯ ಹಿಂದೆ ತಲೆ ತಗ್ಗಿಸಿ ನಡೆದುಬಿಡಬಹುದಿತ್ತು. ಈಕೆ ತಿರುತಿರುಗಿ ಮುಖ ನೋಡುತ್ತಿದ್ದರು.

ಜಾಗದಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಸಕ್ಕರೆ ಬೀಟಿನ ಸಾಲುಗಳು ಒಂದೇ ಸಮನೆ ಹರಿದು ಹೋಗಿದ್ದವು; ಒಂದು ಕಡೆ, ಎರಡು ಗಾಡಿ ನಿಲ್ಲುವಷ್ಟು ಅಗಲಕ್ಕೆ, ಸಸಿಗಳು ಗೇಣು ಕುಳ್ಳಗಿದ್ದವು. ಎಣ್ಣೆ ಕುಡಿದ ಮಣ್ಣೆಂದು ಅಪ್ಪ ಅಲ್ಲಿ ಎರಡನೆಯ ಸಲ ಬೀಜ ಹಾಕಿದ್ದ. ಮಿಸೆಸ್ ಪಾಸ್ಕೋ ಅಂಚಿನಲ್ಲಿ ನಿಂತು ಸುಮಾರು ಹೊತ್ತು ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಇದನ್ನ ಇನ್ನೂ ಒಂಟಿ ಮಾಡಿಲ್ಲ ನೀವು," ಎಂದರು ಆಕೆ. ನಿಜವಾಗಿತ್ತು. ತಡವಾಗಿ ಹಾಕಿದ ಆ ತುಂಡಿನಲ್ಲಿ ಸಸಿಗಳು ಗೊಂಚಲುಗೊಂಚಲಾಗಿ ನಿಂತಿದ್ದವು. ಬೇಲಿಗೆ ಒರಗಿಸಿದ್ದ ಎರಡು ಗುದ್ದಲಿಗಳಲ್ಲಿ ಒಂದನ್ನು ಆಕೆ ತಾವೇ ಎತ್ತಿಕೊಂಡರು. "ಸುಮ್ನೆ ನಿಂತು ನೋಡೋದು ನನ್ನಿಂದ ಆಗಲ್ಲ. ತೋರಿಸು, ಎಷ್ಟು ದೂರಕ್ಕೆ ಒಂದು?"

ಎನಿಡ್ ಗೇಣು ತೋರಿಸಿದಳು. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಗೊಂಚಲಿನಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಕಡಿದು ಹಾಕಬೇಕು. ಯಾವುದನ್ನು ಉಳಿಸಬೇಕೆಂದು ಗುದ್ದಲಿ ಮೇಲೆತ್ತಿ ಇಳಿಸುವಷ್ಟರಲ್ಲಿ ತೀರ್ಮಾನವಾಗಿರಬೇಕು. ಯೋಚಿಸಿದರೆ ಸಾಲು ಮುಗಿಯುವುದಿಲ್ಲ. ಆರು ವರ್ಷದಿಂದ ಈ ಕೆಲಸ ಮಾಡುತ್ತಿರುವ ಎನಿಡ್ ಇವತ್ತು ಮೊದಲ ಬಾರಿಗೆ ಕಡಿದು ಬಿದ್ದ ಸಸಿಗಳ ಕಡೆ ನೋಡಿದಳು. ಅವು ಉಳಿದದ್ದಕ್ಕಿಂತ ಸಣ್ಣವೂ ಅಲ್ಲ, ಸೊರಗಿದವೂ ಅಲ್ಲ.

"ಅವನು ತನ್ನ ಮುಂದಿನ ಗಾಜನ್ನ ಕಿತ್ತುಹಾಕಿದ್ದ, ಗೊತ್ತಾ?" ಎಂದರು ಮಿಸೆಸ್ ಪಾಸ್ಕೋ ಕೈ ನಿಲ್ಲಿಸದೆ. "ಗಾಜಿನ ಮೇಲೆ ಒಂದು ಚುಕ್ಕೆ ಇದ್ರೂ ಶತ್ರು ವಿಮಾನ ಅನ್ಸುತ್ತಂತೆ. ಅಷ್ಟು ಮೇಲೆ, ಆ ಚಳೀಲಿ, ಮುಖಕ್ಕೆ ಗಾಳಿ ಬಿಟ್ಕೊಂಡು ಕೂರ್ತಿದ್ದ. ಬೈದು ಕಾಗದ ಬರೆದೆ. ಎರಡು ಶಾಲು ಹೆಣೆದು ಕಳಿಸ್ದೆ. ಅವನು ಏನು ಬರೆದ ಗೊತ್ತಾ? ಒಂದು ನನಗೆ, ಒಂದು ಗನ್ನಿಗೆ ಅಂತ." ಆಕೆ ನಗಲು ನೋಡಿ ಅರ್ಧಕ್ಕೆ ಬಿಟ್ಟರು. "ಪೆಟ್ಟಿಗೇಲಿ ಕಳಿಸಿದ್ದು ಒಂದು ಕ್ಷೌರದ ಕತ್ತಿ, ಎರಡು ಅಂಗಿ. ಶಾಲು ಬರಲಿಲ್ಲ."

ಹಾಗಾದರೆ ಈ ಗಾಜು ಅವನ ಮುಂದಿನದಲ್ಲ ಎಂದು ಎನಿಡ್‌ಳ ಮನಸ್ಸು ಥಟ್ಟನೆ ಲೆಕ್ಕ ಹಾಕಿತು. ಒಂದು ಗಳಿಗೆ ಹಗುರವೆನಿಸಿತು. ಮರುಗಳಿಗೆ ಆ ಹಗುರಕ್ಕೆ ನಾಚಿಕೆಯಾಯಿತು. ವಿಮಾನ ಬಿದ್ದ ಬೆಳಗ್ಗೆಯೂ ಹಾಲು ಪೂರ್ತಿ ಕರೆದೇ ಎದ್ದವಳಲ್ಲವೇ ತಾನು.

ಸಾಲು ಮುಗಿದಾಗ ಬೇಲಿಯ ನೆರಳಲ್ಲಿ ಕೂತರು. ಅಮ್ಮ ಕಟ್ಟಿಕೊಟ್ಟ ಬ್ರೆಡ್ಡಿನಲ್ಲಿ ಬೆಳಗಿನ ಬೆಣ್ಣೆ ಧಾರಾಳವಾಗಿತ್ತು, ನೆಂಟರಿಗೆಂದು. ತಿನ್ನಬೇಕಾದರೆ ಕೈಗವಸು ತೆಗೆಯಲೇಬೇಕು. ತೆಗೆದಳು.

"ಅಯ್ಯೋ, ಮದುವೆ ಗೊತ್ತಾಗಿದೆಯಾ! ಅದನ್ನ ಮುಚ್ಚಿಡ್ತಾರೇನೇ ಹುಡುಗಿ?" ಮಿಸೆಸ್ ಪಾಸ್ಕೋ ಕೈ ಎಳೆದುಕೊಂಡು ನೋಡಿದರು. "ವಿಮಾನದ ಗಾಜು ಅಲ್ವಾ? ಡೆನ್ಜಿಲ್ ಬರೆದಿದ್ದ, ಹುಡುಗರು ಮಾಡ್ತಾರೆ ಅಂತ. ಎಷ್ಟು ಚೆನ್ನಾಗಿದೆ. ಯಾವ ವಿಮಾನದ್ದು?"

ಆಕೆ ಕೇಳಿದ್ದು ಸುಮ್ಮನೆ, ಯಾವ ಅಂಗಡಿಯದು ಎಂದು ಕೇಳುವಂತೆ. ಚಾಪೆಲ್ ಹುಲ್ಲುಗಾವಲಿನ ಮಾತು ಸಿದ್ಧವಾಗಿ ನಾಲಿಗೆಯ ಮೇಲೆ ಬಂದು ಕೂತಿತ್ತು. ಅದನ್ನು ಹೇಳಿದರೆ ಈಕೆ ಒಳ್ಳೆಯದಾಗಲಿ ಎನ್ನುತ್ತಾರೆ, ಬ್ರೆಡ್ ತಿನ್ನುತ್ತಾರೆ, ಬಸ್ಸು ಹತ್ತುತ್ತಾರೆ. ಎನಿಡ್ ಕುಳ್ಳ ಸಸಿಗಳ ಕಡೆ ನೋಡಿದಳು.

"ಇಲ್," ಎಂದಳು. ಮಾತು ಸಿಕ್ಕಿಕೊಂಡಿತು. ಮಿಸೆಸ್ ಪಾಸ್ಕೋ ಗಡಿಯಾರ ನೋಡಲಿಲ್ಲ. "ಇಲ್ಲಿದು. ಈ ಹೊಲದ್ದು. ನಾನೇ ಹೆಕ್ಕಿದ್ದು. ತಗೋಬಾರ್ದಿತ್ತು. ಉಂಗುರ ಮಾಡಿದವನಿಗೆ ಸುಳ್ಳು ಹೇಳ್ದೆ."

ಬಾನಾಡಿಯೊಂದು ಬೀಟಿನ ಮೇಲೆ ಎಲ್ಲೋ ಕೂಗುತ್ತಿತ್ತು. ಕೈ ಇನ್ನೂ ಆಕೆಯ ಕೈಯಲ್ಲೇ ಇತ್ತು. ಎಳೆದುಕೊಳ್ಳಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ.

"ಅದನ್ನ ನನಗೆ ಕೊಡ್ತೀಯಾ?" ಎಂದರು ಮಿಸೆಸ್ ಪಾಸ್ಕೋ.

ಎನಿಡ್ ಕೂಡಲೇ ಹೂಂ ಎಂದು ತಲೆಯಾಡಿಸಿದಳು. ಕೊಡಬೇಕೆಂದೇ ಅವಳಿಗೂ ಅನಿಸಿತ್ತು, ಕೇಳಿದ್ದರಿಂದ ಎದೆಯ ಕಲ್ಲು ಇಳಿದಂತಾಯಿತು. ಎಳೆದಳು. ಬರಲಿಲ್ಲ. ಮಿಸೆಸ್ ಪಾಸ್ಕೋ ಎಳೆದರು. ಉಗುಳು ಹಚ್ಚಿ ತಿರುವಿದರು. ಕೊನೆಗೆ ಬ್ರೆಡ್ಡಿನ ಮೇಲಿನ ಬೆಣ್ಣೆಯನ್ನು ಬೆರಳಲ್ಲಿ ಬಳಿದು ಗೆಣ್ಣಿಗೆ ಸವರಿ, ಎನಿಡ್ ತನ್ನ ಮೊಣಕೈಯನ್ನು ತಾನೇ ಹಿಡಿದು, ಆಕೆ ಬೆರಳು ಹಿಡಿದು, ಬೂಟುಗಾಲನ್ನು ಮಣ್ಣಿಗೆ ಊರಿ ಜಗ್ಗಿದರು. ಕೈ ಜಾರಿ ಇಬ್ಬರೂ ಎರಡು ಕಡೆಗೆ ಮಗುಚಿ ಬಿದ್ದರು. ಮಿಸೆಸ್ ಪಾಸ್ಕೋ ಬೇಲಿಯ ಗಿಡಗಂಟೆಯೊಳಗೆ ಬಿದ್ದ ಹಾಗೆಯೇ ಆಕಾಶ ನೋಡುತ್ತ, "ದೇವರೇ, ಒಂದು ವಾರದ ರೇಷನ್ ಬೆಣ್ಣೆ!" ಎಂದರು. ಆಮೇಲೆ ಹೊಟ್ಟೆ ಕುಲುಕಿಕೊಂಡು ನಗತೊಡಗಿದರು. ಎನಿಡ್‌ಗೂ ತಡೆಯಲಾಗಲಿಲ್ಲ. ಈ ಜಾಗದಲ್ಲಿ ನಗಬಹುದೇ ಎಂಬ ಪ್ರಶ್ನೆ ನಗು ಮುಗಿದ ಮೇಲೆ ಬಂತು, ಆಗ ಅದಕ್ಕೆ ಉತ್ತರ ಬೇಕಿರಲಿಲ್ಲ.

"ಅವನೂ ಹೀಗೇ. ಹಿಡಿದದ್ದು ಬಿಟ್ಟವನೇ ಅಲ್ಲ," ಎಂದು ಕಣ್ಣೊರೆಸಿಕೊಂಡರು ಆಕೆ. "ಬರದಿದ್ರೆ ಹೋಗ್ಲಿ. ಕೈನೇ ಕೊಡು."

ಬಸ್ಸಿನ ಜಾಗದವರೆಗೂ ಅವರು ಅವಳ ಬೆಣ್ಣೆಗೈಯನ್ನು ಹಿಡಿದುಕೊಂಡೇ ನಡೆದರು, ಹೆಬ್ಬೆರಳನ್ನು ಉಂಗುರದ ಮೇಲಿಟ್ಟು. ದಾರಿಯಲ್ಲಿ ಎದುರಾದ ಎಜ್ರಾ ಟೋಪಿ ತೆಗೆದ, ಏನೂ ತಮಾಷೆ ಮಾಡಲಿಲ್ಲ. ಬಸ್ಸು ಕಾಣಿಸಿದಾಗ ಎನಿಡ್, ನಾಳೆ ಚರ್ಚಿನಲ್ಲಿ ಹೆಸರು ಓದುತ್ತಾರೆಂದು ಹೇಳಿದಳು. ಯಾಕೆ ಹೇಳಿದಳೋ.

"ನಾಳೆಯೇನಾ? ಮೊದಲೇ ಹೇಳಿದ್ರೆ ಉಳಿದುಕೊಳ್ತಿದ್ದೆ," ಎಂದರು ಮಿಸೆಸ್ ಪಾಸ್ಕೋ. "ಮುಂದಿನ ಬೆಂಚಲ್ಲಿ ಕೂತು, ಬಾಯಿ ಮುಚ್ಕೊಂಡಿರ್ತಿದ್ದೆ." ಮತ್ತೆ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವಳ ಬೆರಳ ಮೇಲೆ ಆ ಹೆಬ್ಬೆರಳಿನ ಭಾರ ಇತ್ತು.

ಬೆಳಕು ಉಳಿಸಲೆಂದು ಯುದ್ಧಕಾಲದಲ್ಲಿ ಗಡಿಯಾರಗಳನ್ನು ಎರಡು ಗಂಟೆ ಮುಂದಿಟ್ಟಿದ್ದರಿಂದ ಸಂಜೆ ಎಂಟಕ್ಕೂ ಅಂಗಳದ ತುಂಬ ಬಿಸಿಲು. ಹಾಲು ಕರೆದು ಎನಿಡ್ ಪಂಪಿನ ಕೆಳಗೆ ಬಕೆಟ್ಟು ತೊಳೆಯುತ್ತಿದ್ದಳು. ಬಾವಿಯ ನೀರು ಬೇಸಿಗೆಯಲ್ಲೂ ಮೂಳೆ ಕೊರೆಯುವಷ್ಟು ತಣ್ಣಗೆ. ಬಕೆಟ್ಟಿನ ತಳದಲ್ಲಿ ಟಕ್ ಎಂದು ಸದ್ದಾಯಿತು. ನೋಡಿದರೆ ಉಂಗುರ. ಬೆರಳು ಬೆಳ್ಳಗೆ, ಸಣ್ಣಗೆ, ಅಪರಿಚಿತವಾಗಿ ಕಂಡಿತು. ಎಲ್ಲ ಬಲ ಹಾಕಿದಾಗ ಬರದೆ, ಕೇಳುವವರು ಯಾರೂ ಇಲ್ಲದಾಗ ತಾನಾಗಿ ಬಂದಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದಾಗಲೇ ಸಿರಿಲ್ ಸೈಕಲ್ಲನ್ನು ಗೋಡೆಗೆ ಒರಗಿಸಿ ಬಂದ.

"ಏನು, ವಾಪಸ್ ಕೊಡ್ತಿದೀಯಾ? ಹದಿನಾಲ್ಕು ಮೈಲಿ ತುಳಿದಿದ್ದಕ್ಕೆ ಇದೇ ಬಹುಮಾನವಾ?"

"ಇದು ಚಾಪೆಲ್ ಹುಲ್ಲುಗಾವಲಿನದ್ದಲ್ಲ."

"ಗೊತ್ತು."

ಅವಳು ತಲೆ ಎತ್ತಿದಳು.

"ಒಂಬತ್ತು ದಿನ ಅದರ ಚೂರುಚೂರನ್ನೂ ಹೆಕ್ಕಿದವನು ನಾನು," ಎಂದ ಸಿರಿಲ್, ಪಂಪಿನ ನೀರಿಗೆ ಕತ್ತು ಒಡ್ಡುತ್ತ. "ಬಾಗು ನೋಡಿದ್ರೆ ಗೊತ್ತಾಗಲ್ವಾ? ಬಾಲದ ಗೂಡಿಂದು ಅದು. ಪಕ್ಕದ ಗಾಜು."

"ಮತ್ತೆ ಯಾಕೆ ಮಾಡ್ದೆ? ನಿಮ್ಮ ನೇಮ?"

ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. "ನೀನು ಅವತ್ತು ಒಂದು ಮಾತು ಪೂರ್ತಿ ಆಡಿದ್ದೆ. ನನಗೋಸ್ಕರ. ಅದು ಸುಳ್ಳು ಅಂತ ಹೇಳೋ ಧೈರ್ಯ ಬರಲಿಲ್ಲ."

ಎನಿಡ್ ಮಿಸೆಸ್ ಪಾಸ್ಕೋ ಬಂದದ್ದು ಹೇಳಿದಳು. ಶಾಲು, ಗನ್ನು, ಬೆಣ್ಣೆ, ಎಲ್ಲ. ಎರಡು ಕಡೆ ಮಾತು ಸಿಕ್ಕಿಕೊಂಡಿತು. ಅವನು ಸೈಕಲ್ಲಿನ ಗಂಟೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ಕೊನೆಗೆ ಉಂಗುರವನ್ನು ಅವನ ಕೈಗಿಟ್ಟು ಕೇಳಿದಳು: "ಇದನ್ನ ಎರಡು ಮಾಡಕ್ಕೆ ಬರುತ್ತಾ?"

ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ದಪ್ಪ ಇದೆ. ನಿಧಾನ ಮಾಡಿದ್ರೆ ಬರುತ್ತೆ."

ಬಾಗಿಲ ಮೆಟ್ಟಿಲ ಮೇಲೆ ಕೂತು, ಎಜ್ರಾನ ಸಣ್ಣ ಗರಗಸ ತಂದು, ಮರದ ತುಂಡಿಗೆ ಉಂಗುರ ಸಿಕ್ಕಿಸಿ ಅವನು ಅದರ ಅಗಲದ ನಡುವೆ ಸುತ್ತಲೂ ಕೊಯ್ದ. ಅವಳು ತುಂಡು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಳು. ಬಿಳಿಯ ಪುಡಿ ಅವಳ ಏಪ್ರನ್ನಿನ ಮೇಲೆ ಉದುರುತ್ತ ಹೋಯಿತು. ಗರಗಸ ಕಾದಂತೆ ಮಾಗಿದ ಪೇರು ಹಣ್ಣಿನಂಥ ವಾಸನೆ ಎದ್ದಿತು. ಒಳಗಿನಿಂದ ಅಮ್ಮ, "ಇದೇನ್ರೋ, ಜಾಮ್ ಕಾಯಿಸ್ತಿದೀರಾ?" ಎಂದು ಕೂಗಿದಳು. ದೂರದಲ್ಲಿ ವಿಮಾನಗಳು ಒಂದೊಂದಾಗಿ ಎಂಜಿನ್ ಎಬ್ಬಿಸಿದವು. ಇಬ್ಬರೂ ಅಭ್ಯಾಸದಂತೆ ತಲೆ ಎತ್ತಿ ಎಣಿಸಿದರು, ಹನ್ನೊಂದರವರೆಗೆ, ಮತ್ತೆ ಕೆಲಸಕ್ಕೆ ಬಾಗಿದರು.

ಎರಡು ತೆಳ್ಳನೆಯ ಉಂಗುರಗಳಾದವು. ಒಂದರ ಅಂಚು ಸ್ವಲ್ಪ ಓರೆ. ಎನಿಡ್ ಅದನ್ನು ತಾನಿಟ್ಟುಕೊಂಡಳು. ಇನ್ನೊಂದನ್ನು ಅವನು ಹಲ್ಲುಪುಡಿ ಹಾಕಿ ತಿಕ್ಕುತ್ತಿದ್ದಾಗ ಅವಳು ಒಳಗೆ ಹೋಗಿ ಪೆನ್ಸಿಲು, ಕಾಗದ ತಂದಳು. ಶಾಲೆ ಬಿಟ್ಟ ಮೇಲೆ ಯಾರಿಗೂ ಕಾಗದ ಬರೆದವಳಲ್ಲ. ಅಕ್ಷರ ತಪ್ಪಿದರೆ ತಪ್ಪಲಿ ಎಂದುಕೊಂಡು ಮಂಡಿಯ ಮೇಲಿಟ್ಟು ಬರೆದಳು: ತಣ್ಣೀರಿಗೆ ಬಂತು. ಅವನು ಕೂರುತ್ತಿದ್ದ ಜಾಗದ್ದೇ ಅಂತೆ, ಪಕ್ಕದ ಗಾಜು. ಅರ್ಧ ನಿಮಗೆ, ಅರ್ಧ ನನಗೆ. ಎನಿಡ್.

ಮತ್ತೇನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದಳು. ಏಪ್ರನ್ನಿನ ಮೇಲಿನ ಬಿಳಿ ಪುಡಿಯನ್ನು ಕೊಡವಲು ಕೈ ಎತ್ತಿದವಳು ಕೊಡವಲಿಲ್ಲ. ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ನಾವು ಮಾಡಿದ ಎರಡು ಸಾಲು ಚೆನ್ನಾಗಿ ನಿಂತಿವೆ.